ಹತ್ತು ಟೆಸ್ಟ್‌ಗಳ ತಕ್ಕಡಿ: ಕಡಿಮೆ ಆಡಿದ ಬ್ಯಾಟರ್‌ಗಳನ್ನು ತೂಗುವುದು ಹೇಗೆ?

ಬೆಳಗಾವಿಯ ಆಟೊನಗರದಲ್ಲಿರುವ ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನದಲ್ಲಿ 2016ರ ನವೆಂಬರ್‌ನಲ್ಲಿ ಗುಜರಾತ್ ಮತ್ತು ಪಂಜಾಬ್ ತಂಡಗಳ ನಡುವೆ ರಣಜಿ ಪಂದ್ಯವೊಂದು ನಡೆಯಿತು. ಆ ವರ್ಷ ರಣಜಿ ಪಂದ್ಯಗಳನ್ನೆಲ್ಲ ತಟಸ್ಥ ತಾಣಗಳಲ್ಲಿ ಆಡಿಸುವ ನಿಯಮವಿದ್ದುದರಿಂದ ನಮ್ಮೂರಿಗೂ ಹೊರಗಿನ ತಂಡಗಳು ಬಂದಿದ್ದವು. ಆ ಪಂದ್ಯದಲ್ಲಿ ಗುಜರಾತಿನ ಆರಂಭಿಕ ಆಟಗಾರ ಪ್ರಿಯಾಂಕ್ ಪಾಂಚಾಲ್ ಅಜೇಯ 314 ರನ್ ಗಳಿಸಿದರು. ಗುಜರಾತ್ ಪರವಾಗಿ ಅದೇ ಮೊದಲ ತ್ರಿಶತಕ. ಇದಾಗಿ ತಿಂಗಳು ತುಂಬುವುದರೊಳಗೆ, ಡಿಸೆಂಬರ್ 19ರಂದು, ಚೆನ್ನೈನಲ್ಲಿ ಕರ್ನಾಟಕದ ಕರುಣ್ ನಾಯರ್ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಹೊಡೆದರು. ಪಾಂಚಾಲ್ ಒಂದೂ ಟೆಸ್ಟ್ ಆಡದೆ 2025ರ ಮೇ ತಿಂಗಳಲ್ಲಿ ನಿವೃತ್ತಿ ಘೋಷಿಸಿದರು. ಕರುಣ್ ಎಂಟು ವರ್ಷ ಕಾದು, ಅದೇ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ನಾಲ್ಕು ಟೆಸ್ಟ್ ಆಡಿ, ಒಂದೇ ಒಂದು ಅರ್ಧಶತಕದೊಂದಿಗೆ ಮರಳಿ, ಮುಂದಿನ ಸರಣಿಯ ತಂಡದಿಂದ ಹೊರಬಿದ್ದರು.

ಈ ಎರಡು ಹೆಸರುಗಳನ್ನು ಚಹಾದಂಗಡಿಯ ಕಟ್ಟೆಯ ಮೇಲೆ ಎತ್ತಿದರೆ ಸಾಕು, ಮಾತು ತಕ್ಷಣ ಎರಡು ಹೋಳಾಗುತ್ತದೆ. ಒಂದು ಕಡೆಯವರು "ಟೆಸ್ಟ್ ಆಡಿಲ್ಲ ಅಂದಮ್ಯಾಲ ಎಂಥಾ ದೊಡ್ಡ ಪ್ಲೇಯರ್ ಬಿಡ್ರಿ" ಎಂದು ಮಾತು ಮುಗಿಸುತ್ತಾರೆ. ಇನ್ನೊಂದು ಕಡೆಯವರು, ಅವಕಾಶ ಸಿಕ್ಕಿದ್ದರೆ ಇವರೇ ದೊಡ್ಡವರಾಗುತ್ತಿದ್ದರು ಎಂದು ನಿಟ್ಟುಸಿರು ಬಿಡುತ್ತಾರೆ. ಮೊದಲನೆಯವರು ಪಂದ್ಯಗಳನ್ನು ಎಣಿಸುತ್ತಾರೆ, ಎರಡನೆಯವರು ಆಗದೇ ಹೋದ ಪಂದ್ಯಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಆ ಆಟಗಾರನ ಅಂತರರಾಷ್ಟ್ರೀಯ ಜೀವನವನ್ನು ಮೊಟಕುಗೊಳಿಸಿದ್ದು ಏನು? ಹೊರಗಿನ ಕಾರಣವೇ, ಅಥವಾ ಎದುರಾಳಿ ಬೌಲರ್‌ಗಳೇ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸರಾಸರಿಯ (ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಿದರೆ ಬರುವ) ಅಂಕಿಯನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಸಣ್ಣ ಲೆಕ್ಕದಲ್ಲಿ ಸರಾಸರಿ ಬಹಳ ಮೋಸ ಮಾಡುತ್ತದೆ. ವಿನೋದ್ ಕಾಂಬ್ಳಿ 17 ಟೆಸ್ಟ್‌ಗಳಲ್ಲಿ 1,084 ರನ್ ಗಳಿಸಿದರು, ಸರಾಸರಿ 54.20. ಅವರ ಬಾಲ್ಯದ ಗೆಳೆಯ ಸಚಿನ್ ತೆಂಡೂಲ್ಕರ್ 200 ಟೆಸ್ಟ್‌ಗಳಲ್ಲಿ 15,921 ರನ್ ಗಳಿಸಿದರು, ಸರಾಸರಿ 53.78. ಅಂಕಿಯನ್ನಷ್ಟೇ ನೋಡುವವನಿಗೆ ಕಾಂಬ್ಳಿ ಒಂದು ಕೂದಲೆಳೆ ಮೇಲೆಯೇ ಕಾಣುತ್ತಾರೆ. ಆದರೆ ಬ್ಯಾಟಿಂಗ್ ಸ್ಕೋರುಗಳ ಸ್ವಭಾವವೇ ಬೇರೆ. ಐವತ್ತರ ಸರಾಸರಿಯವನು ಪ್ರತಿ ಸಲ ನಲವತ್ತೈದು, ಐವತ್ತೈದು ಎಂದು ಹೊಡೆಯುವುದಿಲ್ಲ. ಸೊನ್ನೆ, ಏಳು, ಹನ್ನೆರಡು, ಮಧ್ಯದಲ್ಲೊಂದು ನೂರೈವತ್ತು, ಹೀಗೆ ಅವನ ಸ್ಕೋರುಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಸ್ಥೂಲವಾಗಿ ಹೇಳುವುದಾದರೆ ಆ ಏರಿಳಿತ ಸರಾಸರಿಯಷ್ಟೇ ದೊಡ್ಡದು. ಆದ್ದರಿಂದ ಒಬ್ಬನ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತಿಳಿಯಲು, ಅದನ್ನು ಅವನು ಔಟಾದ ಸಲಗಳ ವರ್ಗಮೂಲದಿಂದ ಭಾಗಿಸಿ ನೋಡಬಹುದು. ತೆಂಡೂಲ್ಕರ್ 296 ಸಲ ಔಟಾದವರು, ಅವರ 53.78ರಲ್ಲಿ ಅನುಮಾನಕ್ಕೆ ಇರುವ ಜಾಗ ಆಚೀಚೆ ಮೂರು ರನ್ ಮಾತ್ರ. ಕಾಂಬ್ಳಿ ಔಟಾದದ್ದು 20 ಸಲ. ಅವರ 54ರಲ್ಲಿ ಆಚೀಚೆ ಹನ್ನೆರಡು ರನ್ ಅನುಮಾನ ಉಳಿಯುತ್ತದೆ. ಅಂದರೆ ಅವರ ನಿಜವಾದ ಮಟ್ಟ 66 ಇದ್ದಿರಬಹುದು, 42 ಸಹ ಇದ್ದಿರಬಹುದು.

ಅಷ್ಟಕ್ಕೇ ನಿಲ್ಲದೆ ಆ 21 ಇನಿಂಗ್ಸ್‌ಗಳನ್ನು ಬಿಡಿಸಿ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 1993ರಲ್ಲಿ ಆಡಿದ ಮೊದಲ ಎಂಟು ಇನಿಂಗ್ಸ್‌ಗಳಲ್ಲಿ ಕಾಂಬ್ಳಿ 793 ರನ್ ಕೂಡಿಹಾಕಿದರು. ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ 224, ದೆಹಲಿಯಲ್ಲಿ ಜಿಂಬಾಬ್ವೆ ವಿರುದ್ಧ 227, ಶ್ರೀಲಂಕಾದಲ್ಲಿ 125 ಮತ್ತು 120 ಆ ಎಂಟರಲ್ಲಿಯೇ ಇವೆ. ಆಮೇಲಿನ 13 ಇನಿಂಗ್ಸ್‌ಗಳಲ್ಲಿ ಬಂದದ್ದು 291 ರನ್. ನಡುವೆ ನಡೆದದ್ದು 1994ರ ಕೊನೆಯ ವೆಸ್ಟ್ ಇಂಡೀಸ್ ಸರಣಿ. ಕರ್ಟ್ನಿ ವಾಲ್ಶ್ ಮತ್ತವರ ಜೊತೆಗಾರರು ಎದೆಯೆತ್ತರದ ಎಸೆತಗಳಿಂದ ಕಾಂಬ್ಳಿಯ ದೌರ್ಬಲ್ಯವನ್ನು ಬಯಲಿಗೆಳೆದರು. ಅವರ ಕೊನೆಯ ಟೆಸ್ಟ್ 1995ರ ನವೆಂಬರ್‌ನಲ್ಲಿ, ಆಗ ವಯಸ್ಸು ಇನ್ನೂ 24 ತುಂಬಿರಲಿಲ್ಲ. ಅಷ್ಟು ಬೇಗ ಅವರನ್ನು ಕೈಬಿಟ್ಟದ್ದು ಆಯ್ಕೆಗಾರರ ಕ್ರೌರ್ಯವೇ ಎಂದು ಒಪ್ಪುತ್ತೇನೆ. ಬೌಲರ್‌ಗಳು ಒಮ್ಮೆ ದೋಷ ಕಂಡುಹಿಡಿದ ಮೇಲೆ ಅದನ್ನು ತಿದ್ದಿಕೊಂಡು ಮರಳುವುದಕ್ಕೆ ದೊಡ್ಡ ಬ್ಯಾಟರ್‌ಗಳೆಲ್ಲರೂ ಕಾಲ ತೆಗೆದುಕೊಂಡಿದ್ದಾರೆ. ಆ ಕಾಲ ಕಾಂಬ್ಳಿಗೆ ಸಿಗಲಿಲ್ಲ. ಆದರೂ ಅವರನ್ನು ಮಹಾನ್ ಬ್ಯಾಟರ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಪರೀಕ್ಷೆಯ ಎರಡನೆಯ ಭಾಗ ಶುರುವಾಗಿತ್ತು, ಅದರಲ್ಲಿ ಅವರು ಸೋಲುತ್ತಿದ್ದರು.

ಆಸ್ಟ್ರೇಲಿಯಾದ ಆಡಂ ವೋಜಸ್ ಇದೇ ಮೋಸದ ಇನ್ನೊಂದು ಮುಖ. 35ನೆಯ ವಯಸ್ಸಿನಲ್ಲಿ ಪದಾರ್ಪಣೆ ಮಾಡಿ 20 ಟೆಸ್ಟ್‌ಗಳಲ್ಲಿ 61.87ರ ಸರಾಸರಿ ಇಟ್ಟುಕೊಂಡು ಹೋದರು. ಅವರ 1,485 ರನ್‌ಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಆ ಕಾಲದ ದುರ್ಬಲ ವೆಸ್ಟ್ ಇಂಡೀಸ್ ವಿರುದ್ಧ ಬಂದದ್ದು. ಅವರನ್ನು ಟೆಸ್ಟ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲಿರುವ ಬ್ರಾಡ್ಮನ್ ಪಕ್ಕದಲ್ಲಿ ಕೂರಿಸಲು ಆಸ್ಟ್ರೇಲಿಯನ್ನರೇ ಮುಂದಾಗಲಿಲ್ಲ.

ಹಾಗಾದರೆ ಕಡಿಮೆ ಟೆಸ್ಟ್ ಆಡಿದವರಿಗೆ ಮಹಾನ್ ಬ್ಯಾಟರ್ ಎಂಬ ಪಟ್ಟ ಸಿಗುವುದೇ ಇಲ್ಲವೇ? ಸಿಗುತ್ತದೆ. ಆದರೆ ಅದಕ್ಕೆ ಟೆಸ್ಟ್‌ನ ಹೊರಗಿನ ಸಾಕ್ಷ್ಯ ಬೇಕು, ಆ ಸಾಕ್ಷ್ಯ ಟೆಸ್ಟ್‌ನಷ್ಟೇ ಕಠಿಣವಾಗಿರಬೇಕು. ದಕ್ಷಿಣ ಆಫ್ರಿಕಾದ ಬ್ಯಾರಿ ರಿಚರ್ಡ್ಸ್ ಅವರ ವಿಷಯದಲ್ಲಿ ಈ ಮಾತನ್ನು ತುಸು ವಿವರವಾಗಿಯೇ ನೋಡಬೇಕು.

ರಿಚರ್ಡ್ಸ್ ಆಡಿದ್ದು ನಾಲ್ಕೇ ಟೆಸ್ಟ್, ಎಲ್ಲವೂ 1970ರ ಮೊದಲ ತಿಂಗಳುಗಳಲ್ಲಿ, ಎಲ್ಲವೂ ಆಸ್ಟ್ರೇಲಿಯಾ ವಿರುದ್ಧ ಸ್ವದೇಶದಲ್ಲಿ. ಏಳು ಇನಿಂಗ್ಸ್, 508 ರನ್, ಎರಡು ಶತಕ, ಸರಾಸರಿ 72.57. ಮೇಲಿನ ಲೆಕ್ಕವನ್ನೇ ಹಿಡಿದರೆ ಈ ಸರಾಸರಿಯಲ್ಲಿ ಆಚೀಚೆ 27 ರನ್‌ಗಳ ಅನುಮಾನವಿದೆ, ಅಂದರೆ ಈ ಅಂಕಿಯೊಂದರಿಂದಲೇ ಏನನ್ನೂ ಸಾಧಿಸಿ ತೋರಿಸಲಾಗದು. ವರ್ಣಭೇದ ನೀತಿಯ ಕಾರಣದಿಂದ ದಕ್ಷಿಣ ಆಫ್ರಿಕಾವನ್ನು ಕ್ರಿಕೆಟ್ ಜಗತ್ತು ಹೊರಗಿಟ್ಟಿತು. ಅದು ಮತ್ತೆ ಟೆಸ್ಟ್ ಆಡಿದ್ದು 1992ರಲ್ಲಿ. ಆ ಹೊತ್ತಿಗೆ ರಿಚರ್ಡ್ಸ್ ಬ್ಯಾಟು ಕೆಳಗಿಟ್ಟು ವರ್ಷಗಳಾಗಿದ್ದವು.

ಆದರೆ ಅವರು ಸುಮ್ಮನೆ ಕುಳಿತಿರಲಿಲ್ಲ. 1968ರಿಂದ 1978ರವರೆಗೆ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯ (ಅಲ್ಲಿನ ಜಿಲ್ಲಾ ತಂಡ) ಪರ ಆಡಿದರು. ಜಗತ್ತಿನ ಅತ್ಯುತ್ತಮ ವೇಗಿಗಳು ಬೇರೆ ಬೇರೆ ಕೌಂಟಿಗಳಿಗೆ ಆಡುತ್ತಿದ್ದ ಕಾಲವದು; ಮಳೆಗೆ ನೆನೆದು ಒಣಗುವ ಪಿಚ್‌ಗಳ ಮೇಲೆ ವಾರಕ್ಕೆ ಎರಡು ಪಂದ್ಯ. 1970-71ರಲ್ಲಿ ಸೌತ್ ಆಸ್ಟ್ರೇಲಿಯಾ ಪರ ಒಂದೇ ಋತುವಿನಲ್ಲಿ 1,538 ರನ್ ಗಳಿಸಿದರು, ಸರಾಸರಿ 109.86. ಆ ಋತುವಿನಲ್ಲಿಯೇ ಪರ್ತ್‌ನಲ್ಲಿ ಗ್ರಹಾಂ ಮೆಕೆಂಜಿ, ಟೋನಿ ಲಾಕ್ ಹಾಗೂ ಆಗಷ್ಟೇ ಮೇಲೆ ಬರುತ್ತಿದ್ದ ಡೆನಿಸ್ ಲಿಲ್ಲಿ ಇದ್ದ ವೆಸ್ಟರ್ನ್ ಆಸ್ಟ್ರೇಲಿಯಾ ಬೌಲಿಂಗ್ ಎದುರು ಒಂದೇ ದಿನದಲ್ಲಿ 325 ರನ್ ಹೊಡೆದು, ಮರುದಿನ 356ಕ್ಕೆ ಔಟಾದರು. ಆಮೇಲೆ 1977ರಿಂದ ಎರಡು ವರ್ಷ ಆಸ್ಟ್ರೇಲಿಯಾದ ಮಾಧ್ಯಮ ಉದ್ಯಮಿ ಕೆರಿ ಪ್ಯಾಕರ್ ಅವರ ಖಾಸಗಿ ಟೂರ್ನಿ ವರ್ಲ್ಡ್ ಸೀರೀಸ್ ಕ್ರಿಕೆಟ್ ನಡೆಯಿತು. ಅದರ ಸೂಪರ್‌ಟೆಸ್ಟ್‌ಗಳಿಗೆ ಅಧಿಕೃತ ಮಾನ್ಯತೆ ಇಲ್ಲ, ಆದರೆ ಜಗತ್ತಿನ ಬಹುಪಾಲು ಶ್ರೇಷ್ಠ ವೇಗಿಗಳು ಅಲ್ಲಿದ್ದರು. ಅಲ್ಲಿ ಆಡಿದ ಅನೇಕರು ಅದಕ್ಕಿಂತ ಕಠಿಣ ಕ್ರಿಕೆಟ್ ತಾವು ಆಡಿಲ್ಲವೆಂದು ಮುಂದೆ ಹೇಳಿದ್ದುಂಟು. ಮೂವತ್ತೆರಡು ದಾಟಿದ್ದ ರಿಚರ್ಡ್ಸ್ ಐದು ಸೂಪರ್‌ಟೆಸ್ಟ್‌ಗಳಲ್ಲಿ 554 ರನ್ ಗಳಿಸಿದರು, ಸರಾಸರಿ 79.14. ಒಟ್ಟು ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ (ಟೆಸ್ಟ್, ರಣಜಿ, ಕೌಂಟಿಯಂಥ ಹಲವು ದಿನಗಳ ಪಂದ್ಯಗಳಲ್ಲಿ) 28,358 ರನ್, 80 ಶತಕ, ಸರಾಸರಿ 54.74. ಡಾನ್ ಬ್ರಾಡ್ಮನ್ ತಮ್ಮ ಸಾರ್ವಕಾಲಿಕ ಹನ್ನೊಂದರ ತಂಡದಲ್ಲಿ ಇವರನ್ನು ಆರಂಭಿಕನಾಗಿ ಆರಿಸಿಕೊಂಡರು. ನಾಲ್ಕು ಟೆಸ್ಟ್‌ನವನಿಗೆ ಆ ಜಾಗ ಹೇಗೆ ಎಂದು ಕೇಳುವವರು, ಈ ಹತ್ತು ವರ್ಷಗಳ ಸಾಕ್ಷ್ಯ ಏನು ಹೇಳುತ್ತದೆ ಎಂಬುದನ್ನು ಮೊದಲು ಉತ್ತರಿಸಬೇಕು. ನನ್ನ ಮಟ್ಟಿಗೆ ಅಲ್ಲಿ ಅನುಮಾನ ಉಳಿದಿಲ್ಲ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ರಿಚರ್ಡ್ಸ್ ಅವರಿಗಾಗಿ ಮರುಗುವ ಬರಹಗಳು ಸಾಕಷ್ಟಿವೆ. ಅದೇ ದೇಶದಲ್ಲಿ ಚರ್ಮದ ಬಣ್ಣದ ಕಾರಣದಿಂದ ರಾಷ್ಟ್ರೀಯ ತಂಡದ ಬಾಗಿಲನ್ನೇ ಕಾಣದ ಬ್ಯಾಟರ್‌ಗಳಿಗಾಗಿ ಬಂದವು ಕಡಿಮೆ. ಕೇಪ್ ಟೌನ್‌ನ ಬೇಸಿಲ್ ಡಿ'ಒಲಿವೇರಾ ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಟೆಸ್ಟ್ ಪದಾರ್ಪಣೆ ಮಾಡಿದ್ದು 1966ರಲ್ಲಿ, ವಯಸ್ಸು ಮೂವತ್ತು ದಾಟಿ ವರ್ಷಗಳಾದ ಮೇಲೆ. ಆಮೇಲೂ 44 ಟೆಸ್ಟ್ ಆಡಿ 40.06ರ ಸರಾಸರಿಯಲ್ಲಿ 2,484 ರನ್ ಗಳಿಸಿದರು. 1968ರಲ್ಲಿ ಅವರಿದ್ದ ತಂಡವನ್ನು ದಕ್ಷಿಣ ಆಫ್ರಿಕಾ ಸರ್ಕಾರ ಒಪ್ಪದೆ ಪ್ರವಾಸವೇ ರದ್ದಾಯಿತು, ಬಹಿಷ್ಕಾರಕ್ಕೆ ಅದೇ ದಾರಿಯಾಯಿತು. ರಿಚರ್ಡ್ಸ್ ಕಳೆದುಕೊಂಡದ್ದು ಟೆಸ್ಟ್‌ಗಳನ್ನು. ಡಿ'ಒಲಿವೇರಾ ಕಳೆದುಕೊಂಡದ್ದು ಬ್ಯಾಟರ್ ಒಬ್ಬನ ಅತ್ಯುತ್ತಮ ಹತ್ತು ವರ್ಷಗಳನ್ನು. ಆ ಹತ್ತು ವರ್ಷಗಳಿಗೆ ಸ್ಕೋರ್ ಪಟ್ಟಿಯಲ್ಲಿ ಸರಿಯಾದ ಸಾಕ್ಷ್ಯವೇ ಇಲ್ಲ. ಹೀಗಾಗಿ ಈ ತೂಕದಲ್ಲಿ ಅನ್ಯಾಯಕ್ಕೊಳಗಾದವರಲ್ಲೂ ಕೆಲವರಿಗೆ ದಾಖಲೆಯ ಭಾಗ್ಯವಿದೆ, ಕೆಲವರಿಗೆ ಅದೂ ಇಲ್ಲ.

ನಮ್ಮ ದೇಶದಲ್ಲಿ ರಿಚರ್ಡ್ಸ್ ಅವರಿಗೆ ಸಾಟಿಯಾದ ಉದಾಹರಣೆ ವಿಜಯ್ ಮರ್ಚೆಂಟ್. 1933ರಲ್ಲಿ ಮೊದಲ ಟೆಸ್ಟ್, 1951ರಲ್ಲಿ ಕೊನೆಯದು. ನಡುವಿನ ಹದಿನೆಂಟು ವರ್ಷಗಳಲ್ಲಿ ಆಡಿದ್ದು 10 ಟೆಸ್ಟ್, ಎಲ್ಲವೂ ಇಂಗ್ಲೆಂಡ್ ವಿರುದ್ಧ. 1936ರ ಸರಣಿಯ ನಂತರ 1946ರವರೆಗೆ, ಬಹುಮಟ್ಟಿಗೆ ಮಹಾಯುದ್ಧದ ಕಾರಣ, ಭಾರತ ಟೆಸ್ಟ್ ಆಡಲೇ ಇಲ್ಲ, ಆಮೇಲೆ ಆಸ್ಟ್ರೇಲಿಯಾ ಪ್ರವಾಸವನ್ನು ಅವರು ಅನಾರೋಗ್ಯದಿಂದ ಬಿಟ್ಟುಕೊಟ್ಟರು. 859 ರನ್, ಸರಾಸರಿ 47.72. ಪ್ರಥಮ ದರ್ಜೆಯಲ್ಲಿ ಅವರ ಸರಾಸರಿ 71.64, ಇದಕ್ಕಿಂತ ಮೇಲೆ ಬ್ರಾಡ್ಮನ್ ಅವರ 95.14 ಎಂದು ಪುಸ್ತಕಗಳು ಹೇಳುತ್ತವೆ. ಇದರಲ್ಲಿ ಬಾಂಬೆಯ ಸಪಾಟು ಪಿಚ್‌ಗಳ ಪಾಲು ಎಷ್ಟು ಎಂಬ ಸಂಶಯ ನ್ಯಾಯವಾದದ್ದೇ. ನಲವತ್ತರ ದಶಕದ ರಣಜಿಯಲ್ಲಿ ಬೌಲರ್‌ಗಳ ಪಾಡು ಕರುಣಾಜನಕವಾಗಿತ್ತು. ಮರ್ಚೆಂಟ್ ಅವರ ರಣಜಿ ಸರಾಸರಿ 98.75 ಎಂಬುದನ್ನು ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ನಾನು ನೋಡುವುದು 1946ರ ಇಂಗ್ಲೆಂಡ್ ಪ್ರವಾಸವನ್ನು. ಮಳೆ ಬಿಡದ ಆ ಬೇಸಿಗೆಯಲ್ಲಿ, ಅಪರಿಚಿತ ಪಿಚ್‌ಗಳಲ್ಲಿ, ಪ್ರವಾಸದ ಪಂದ್ಯಗಳಲ್ಲಿ ಅವರು 74.53ರ ಸರಾಸರಿಯಲ್ಲಿ 2,385 ರನ್ ಗಳಿಸಿದರು. ಹತ್ತು ವರ್ಷ ಹಿಂದೆ, 1936ರಲ್ಲಿ, ಅದೇ ದೇಶದಲ್ಲಿ ಅವರ ಸರಾಸರಿ 51 ದಾಟಿತ್ತು. ಹತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಹೋಗಿ, ಎರಡನೆಯ ಸಲ ಇನ್ನೂ ಚೆನ್ನಾಗಿ ಆಡಿದವನನ್ನು ಬೌಲರ್‌ಗಳು ಕಂಡುಹಿಡಿದರು ಎನ್ನಲಾಗದು. ದೆಹಲಿಯಲ್ಲಿ ಆಡಿದ ಕೊನೆಯ ಟೆಸ್ಟ್‌ನಲ್ಲಿ 154 ಹೊಡೆದು, ಅದೇ ಪಂದ್ಯದಲ್ಲಿ ಫೀಲ್ಡಿಂಗ್ ಮಾಡುವಾಗ ಭುಜಕ್ಕೆ ಪೆಟ್ಟಾಗಿ ಆಟ ನಿಲ್ಲಿಸಿದರು. ವಯಸ್ಸು ನಲವತ್ತು.

ದೇಶಿ ಅಂಕಿಗಳು ಮಾತ್ರ ಇದ್ದು, ಅವುಗಳಿಗೆ ಹೊರಗಿನ ಪರೀಕ್ಷೆ ಇಲ್ಲದಿದ್ದರೆ ನಾನು ಹಿಂಜರಿಯುತ್ತೇನೆ. ಜಿಂಬಾಬ್ವೆ ಮೂಲದ ಗ್ರೇಮ್ ಹಿಕ್ ಪ್ರಥಮ ದರ್ಜೆಯಲ್ಲಿ 41,112 ರನ್, 136 ಶತಕ ಗಳಿಸಿದವರು. ಇಂಗ್ಲೆಂಡ್ ಪರ ಆಡುವ ಅರ್ಹತೆಗಾಗಿ ಏಳು ವರ್ಷ ಕಾಯಬೇಕಿದ್ದ ಕಾಲದಲ್ಲಿ, 1988ರಲ್ಲಿ, ಅಜೇಯ 405 ಹೊಡೆದಿದ್ದರು. 1991ರಲ್ಲಿ ಮೊದಲ ಟೆಸ್ಟ್ ಆಡುವ ಮುಂಚೆ ಏನಾದರೂ ಕಾರಣದಿಂದ ಅವರ ಬಾಗಿಲು ಮುಚ್ಚಿದ್ದರೆ ಇಂದು ಅವರು ಆಡದೇ ಹೋದ ಮಹಾಪುರುಷ ಎಂದೇ ಹೆಸರಾಗುತ್ತಿದ್ದರು. ಅವರು 65 ಟೆಸ್ಟ್ ಆಡಿದರು, ಸರಾಸರಿ 31.32. ದೆಹಲಿಯ ಅಜಯ್ ಶರ್ಮಾ ಪ್ರಥಮ ದರ್ಜೆಯಲ್ಲಿ 38 ಶತಕ, 67.46ರ ಸರಾಸರಿ ಇದ್ದೂ ಆಡಿದ್ದು ಒಂದೇ ಟೆಸ್ಟ್. ಅವರು ಹಿಕ್ ಆಗುತ್ತಿದ್ದರೋ ಮರ್ಚೆಂಟ್ ಆಗುತ್ತಿದ್ದರೋ ಹೇಳುವ ಉಪಾಯ ನಮ್ಮ ಬಳಿ ಇಲ್ಲ.

ಬೆಳಗಾವಿಯಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಕೊಲ್ಹಾಪುರದಲ್ಲಿ ಹುಟ್ಟಿದ ಬಿ.ಬಿ. ನಿಂಬಾಳ್ಕರ್ ಅವರ ಕಥೆ ಈ ಭಾಗದ ಹಿರಿಯರಿಗೆ ಗೊತ್ತು. 1948ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪರ ಕಾಠಿಯಾವಾಡದ ವಿರುದ್ಧ ಅವರು ಅಜೇಯ 443 ಹೊಡೆದಿದ್ದಾಗ, ವಿಶ್ವದಾಖಲೆಯಾಗಿದ್ದ ಬ್ರಾಡ್ಮನ್ನರ 452ಕ್ಕೆ ಒಂಬತ್ತು ರನ್ ಬಾಕಿಯಿತ್ತು. ಎದುರಾಳಿ ತಂಡ ಊಟದ ವಿರಾಮದಲ್ಲಿ ಪಂದ್ಯವನ್ನೇ ಬಿಟ್ಟುಕೊಟ್ಟು ಹೊರಟುಹೋಯಿತು. ನಿಂಬಾಳ್ಕರ್ ಒಂದೂ ಟೆಸ್ಟ್ ಆಡಲಿಲ್ಲ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುವ ಕಥೆ, ಆದರೆ ಅನ್ಯಾಯದ ತೀವ್ರತೆಯನ್ನೇ ಆಟದ ಮಟ್ಟಕ್ಕೆ ಪುರಾವೆಯಾಗಿ ಹಿಡಿಯಬಾರದು. ಪ್ರಥಮ ದರ್ಜೆಯಲ್ಲಿ ಅವರ ಸರಾಸರಿ 47.93, ರನ್ನುಗಳ ಸುಗ್ಗಿಯ ಆ ಕಾಲಕ್ಕೆ ಅದು ಒಳ್ಳೆಯದು, ಅಸಾಧಾರಣವಲ್ಲ.

ನಮ್ಮ ಆನಂದವಾಡಿಯ ಕುಸ್ತಿ ಆಖಾಡದಲ್ಲಿ ಕೂರುವ ಹಿರಿಯರು ಈ ವಿಷಯದಲ್ಲಿ ಕ್ರಿಕೆಟ್ ಪಂಡಿತರಿಗಿಂತ ಜಾಣರು ಎನಿಸುತ್ತದೆ. ಪೈಲ್ವಾನ ಎಷ್ಟು ಕುಸ್ತಿ ಗೆದ್ದ ಎಂದು ಅವರು ಮೊದಲು ಕೇಳುವುದಿಲ್ಲ. ಯಾರನ್ನು ಚಿತ್ ಮಾಡಿದ, ಅವನ ಜೋಡಿ (ಎದುರಾಳಿ) ಯಾರಿದ್ದ ಎಂದು ಕೇಳುತ್ತಾರೆ.

ಹಾಗೆ ಕೇಳಿದರೆ ಕರುಣ್ ನಾಯರ್ ಅವರ 303 ದೊಡ್ಡ ಇನಿಂಗ್ಸ್ ಎಂಬುದನ್ನು ಒಪ್ಪಲೇಬೇಕು. ಅದು ಅವರ ಮೂರನೆಯ ಟೆಸ್ಟ್ ಇನಿಂಗ್ಸ್. ಮುಂದಿನ ಟೆಸ್ಟ್‌ಗೆ, ಗಾಯದಿಂದ ಮರಳಿದ ಅಜಿಂಕ್ಯ ರಹಾನೆಗಾಗಿ, ಅವರು ಜಾಗ ಬಿಡಬೇಕಾಯಿತು. ತ್ರಿಶತಕ ಹೊಡೆದವನನ್ನು ಮರುಪಂದ್ಯದಲ್ಲಿ ಹೊರಗೆ ಕೂರಿಸಿದ್ದು ಕನ್ನಡಿಗರಿಗೆ ಇಂದಿಗೂ ನುಂಗಲಾಗದ ತುತ್ತು. 2018ರಲ್ಲಿ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿದ್ದರೂ ಅವರನ್ನು ಬಿಟ್ಟು, ಆಮೇಲೆ ಕರೆಸಿಕೊಂಡ ಹನುಮ ವಿಹಾರಿಯನ್ನು ಆಡಿಸಿದರು. ಇಷ್ಟರವರೆಗಿನದು ಹೊರಗಿನ ಕಾರಣ. 2024-25ರಲ್ಲಿ ವಿದರ್ಭದ ಪರ ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ 779 ರನ್, ರಣಜಿಯಲ್ಲಿ 863 ರನ್, ಫೈನಲ್‌ನಲ್ಲಿ 86 ಮತ್ತು 135 ಗಳಿಸಿ ಅವರು ಬಾಗಿಲನ್ನು ಮತ್ತೆ ತೆರೆಸಿದ್ದು ಮಾತ್ರ ಅಪರೂಪದ ಛಲ.

ಆದರೆ 2025ರ ಆ ಎಂಟು ಇನಿಂಗ್ಸ್‌ಗಳು: 0, 20, 31, 26, 40, 14, 57, 17. ಒಟ್ಟು 205. ಇವುಗಳಲ್ಲಿ ಬೇಗ ಔಟಾದವು ಕಡಿಮೆ, ನೆಲೆಯೂರಿದ ಮೇಲೆ ಕೈಚೆಲ್ಲಿದವು ಹೆಚ್ಚು; ಒಂದೆರಡು ಒಳ್ಳೆಯ ಆರಂಭಗಳು ಶತಕವಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು. ಹತ್ತು ಟೆಸ್ಟ್‌ಗಳಲ್ಲಿ 579 ರನ್, ಸರಾಸರಿ 41.35. ಚೆನ್ನೈನ ಒಂದು ಇನಿಂಗ್ಸ್ ತೆಗೆದರೆ ಉಳಿದ ಹದಿನಾಲ್ಕರಲ್ಲಿ 276 ರನ್, ಸರಾಸರಿ ಇಪ್ಪತ್ತಕ್ಕೂ ಕಡಿಮೆ. ಅತ್ಯುತ್ತಮವಾದದ್ದನ್ನು ಕಿತ್ತು ಉಳಿದದ್ದನ್ನು ತೂಗುವುದು ನ್ಯಾಯವಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ಸರಿಯೇ; ಆ 303ನ್ನು ಯಾರೂ ಕಸಿಯಲಾರರು. ಹದಿನಾಲ್ಕು ಇನಿಂಗ್ಸ್‌ಗಳೂ ಸಣ್ಣ ಲೆಕ್ಕವೇ, ಅದೂ ಎಂಟು ವರ್ಷಗಳ ಬಿರುಕು ನಡುವೆ ಇರುವ ಲೆಕ್ಕ. ಕರುಣ್ ಮಹಾನ್ ಇನಿಂಗ್ಸ್ ಆಡಿದ ಬ್ಯಾಟರ್ ಎಂದು ನಾನು ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಹೇಳಲು ದಾಖಲೆ ಬಿಡುವುದಿಲ್ಲ. 25ನೆಯ ವಯಸ್ಸಿನಲ್ಲಿ ಸತತ ಹದಿನೈದು ಟೆಸ್ಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ 33ನೆಯ ವಯಸ್ಸಿನ ನಾಲ್ಕು ಟೆಸ್ಟ್‌ಗಳು ಉತ್ತರವಾಗಲಾರವು ಎಂಬುದೂ ನಿಜ.

ಪಾಂಚಾಲ್ ಅವರಿಗೆ ಅಷ್ಟೂ ಸಿಗಲಿಲ್ಲ. ಬೆಳಗಾವಿಯಲ್ಲಿ 314 ಹೊಡೆದ ಆ ಋತುವಿನಲ್ಲಿ ಅವರು 1,310 ರನ್ ಗಳಿಸಿದರು, ಗುಜರಾತ್ ತನ್ನ ಮೊದಲ ರಣಜಿ ಟ್ರೋಫಿ ಗೆದ್ದಿತು. 2021ರ ಕೊನೆಯಲ್ಲಿ ಗಾಯಗೊಂಡ ರೋಹಿತ್ ಶರ್ಮಾ ಬದಲಿಗೆ ದಕ್ಷಿಣ ಆಫ್ರಿಕಾ ಪ್ರವಾಸದ ಟೆಸ್ಟ್ ತಂಡ ಸೇರಿದರು, ಆಡಲಿಲ್ಲ. ನಿವೃತ್ತಿಯ ಹೊತ್ತಿಗೆ 127 ಪ್ರಥಮ ದರ್ಜೆ ಪಂದ್ಯ, 8,856 ರನ್, 29 ಶತಕ, ಸರಾಸರಿ 45.18. ಇದು ಟೆಸ್ಟ್ ಆಡಲು ಅರ್ಹನಾದವನ ದಾಖಲೆ ಎನ್ನಲು ಅಳುಕಬೇಕಿಲ್ಲ, ಆದರೆ ಮಹಾನ್ ಎಂಬ ಮಾತನ್ನು ಇಲ್ಲಿ ತರುವುದು ಅವರಿಗೂ ಮುಜುಗರ. ರೋಹಿತ್, ರಾಹುಲ್, ಮಯಂಕ್, ಗಿಲ್ ಅವರಂಥ ಆರಂಭಿಕರು ಸಾಲಾಗಿ ನಿಂತಿದ್ದ ಕಾಲದಲ್ಲಿ ಅವರ ವಯಸ್ಸು ಮೂವತ್ತು ದಾಟಿತ್ತು. ಇದರಲ್ಲಿ ಖಳನಾಯಕರನ್ನು ಹುಡುಕುವುದು ವ್ಯರ್ಥ.

ಪಾಂಚಾಲ್ ಬೆಳಗಾವಿಗೆ ಮತ್ತೊಮ್ಮೆ ಬಂದಿದ್ದರು. 2019ರ ಮೇ ತಿಂಗಳಲ್ಲಿ ಅದೇ ಆಟೊನಗರದ ಮೈದಾನದಲ್ಲಿ ಭಾರತ 'ಎ' ತಂಡ ಶ್ರೀಲಂಕಾ 'ಎ' ವಿರುದ್ಧ ಆಡಿದಾಗ ಅವರು 160 ರನ್ ಗಳಿಸಿದರು, ಅವರ ಜೊತೆ ಆರಂಭಿಸಿದ ಬಂಗಾಳದ ಅಭಿಮನ್ಯು ಈಶ್ವರನ್ 233 ಹೊಡೆದರು. ಇಬ್ಬರೂ ಮೊದಲ ವಿಕೆಟ್‌ಗೆ 352 ರನ್ ಸೇರಿಸಿದ್ದರು. ಈಶ್ವರನ್ ಆಮೇಲೆ ಹಲವು ಸಲ ಟೆಸ್ಟ್ ತಂಡಕ್ಕೆ ಆಯ್ಕೆಯಾದರು. ಪಾಂಚಾಲ್ ನಿವೃತ್ತಿ ಘೋಷಿಸಿದ ಕೆಲವೇ ವಾರಗಳಲ್ಲಿ, ಕರುಣ್ ಜೊತೆಗೆ ಈಶ್ವರನ್ ಕೂಡ ಇಂಗ್ಲೆಂಡಿಗೆ ಹೋದ ತಂಡದಲ್ಲಿದ್ದರು. ಐದು ಟೆಸ್ಟ್ ನಡೆದವು, ಐದರಲ್ಲೂ ಅವರು ಹೊರಗೆ ಕುಳಿತು ನೋಡಿದರು.